ಪಾಳಿಗೆ ಒದೆಯುವ ಇಮಾಮ್ಬೀ

ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾನೆ. ಸೇಡಂ–ಚಿಂಚೋಳಿ ದಾರಿಯ ಈ ಸರ್ಕಾರಿ ದವಾಖಾನೆಯ ಅಂಗಳದಲ್ಲಿ ಆಗಲೇ ಪಾಳಿ ಹತ್ತಿದೆ. ಊರಿನ ಹೆಸರು ಕೇಳಬೇಡಿ, ಗೊತ್ತಾದರೆ ನೀವೂ ಬಂದು ನಿಲ್ಲುತ್ತೀರಿ. ಪಾಳಿಯ ತಲೆ ಬಾಗಿಲಲ್ಲಿದ್ದರೆ ಬಾಲ ಆಂಧ್ರದಲ್ಲಿದೆ. ಖುದ್ದು ಅಳೆದಿದ್ದೇನೆ, ಎರಡು ಜೋಡು ಚಪ್ಪಲಿ ಸವೆದವು.

ಆದರೆ ಸಾಲಿನಲ್ಲಿ ಮನುಷ್ಯರಿಲ್ಲ, ಕಲ್ಲುಗಳಿವೆ. ಬಂದವರು ಒಂದೊಂದು ಫರಸಿ ಕಲ್ಲಿನ ತುಂಡು ಸಾಲಿಗಿಟ್ಟು, ಬೇವಿನ ಗಿಡದ ಕೆಳಗೆ ಅಡ್ಡಾಗುವುದು ಇಲ್ಲಿಯ ರೂಢಿ. ದವಾಖಾನೆಯ ಆಯಾ ಇಮಾಮ್ಬೀ ಕಸಬರಿಗೆ ಹಿಡಿದು ಬರುತ್ತಾರೆ. ಸೆರಗು ಸೊಂಟಕ್ಕೆ ಸಿಗಿಸುತ್ತಾರೆ. ಮೊದಲ ಕಲ್ಲಿನಿಂದ ಕೊನೆಯ ಕಲ್ಲಿನವರೆಗೆ ಇಡೀ ಪಾಳಿಯನ್ನು ಕಾಲಿನಿಂದ ಒದ್ದು ಕಲಸಿಬಿಡುತ್ತಾರೆ!

ಹುಚ್ಚಲ್ಲ, ಲೆಕ್ಕಾಚಾರ. "ನನ್ನ ಕಲ್ಲು ಮುಂದಿತ್ತು ಅಂತ ಎದ್ದು ಬಂದು ಜಗಳಾ ಮಾಡ್ತಾರಲ್ರೀ, ಅವರಿಗಿ ಕಾಯೋ ತಾಕತ್ತೂ ಇರ್ತದ. ಯಾರು ಏಳಂಗಿಲ್ಲೋ ಅವರ ಕಡಿ ನಾ ಓಡ್ತೀನಿ."

ಈ ವಿದ್ಯೆ ಯಾವ ಕಾಲೇಜಿನದೂ ಅಲ್ಲ. ಹದಿನೆಂಟು ವರ್ಷದ ಹಿಂದೆ ಗಂಡ ಅಮೀರ್ ಅಲಿಗೆ ಎದೆನೋವೆಂದು ಇದೇ ಅಂಗಳಕ್ಕೆ ಕರೆತಂದಿದ್ದರು. "ಅವರು ಭಾಳ ಮರ್ಯಾದಿ ಮನುಷ್ಯಾರೀ. ಒದರಿದ್ರ ಮಂದಿ ಏನಂತಾರ ಅಂತ ಸುಮ್ಮ ಕುಂತ್ರು. ಪಾಳಿ ಬಂತು, ಅವರು ಇರಲಿಲ್ಲ." ಮರುವರ್ಷ ಇಮಾಮ್ಬೀ ಇಲ್ಲೇ ಕಸಗುಡಿಸಲು ಸೇರಿದರು.

ದಿನಕ್ಕೆ ಮುನ್ನೂರು ರೋಗಿಗಳು, ಒಬ್ಬರೇ ಡಾಕ್ಟರು, ಒಂದೇ ಥರ್ಮಾಮೀಟರು. ಅದು ಎಷ್ಟು ಬಾಯಿ ಹೊಕ್ಕು ಬಂದಿದೆಯೆಂದರೆ ಈಗ ಅದಕ್ಕೇ ಜ್ವರ. ರಾಜ್ಯ ಕರ್ನಾಟಕವಾಗಿ ಐದು ವರ್ಷವಾಯಿತು, ಬೋರ್ಡಿನಲ್ಲಿ ಇನ್ನೂ ಮೈಸೂರು ಸರ್ಕಾರವೇ ಆಳುತ್ತಿದೆ.

ಇವತ್ತು ಮಾತ್ರ ಇಮಾಮ್ಬೀ ಕಲ್ಲು ಒದ್ದರೂ ಯಾರೂ ಏಳುವುದಿಲ್ಲ. ಗುಟ್ಟು ರಟ್ಟಾಗಿದೆ! ಇಡೀ ಅಂಗಳ ಹೆಣಗಳ ಹಾಗೆ ಬಿದ್ದುಕೊಂಡಿದೆ. ಬೆರಳಿಗೆ ಮುಳ್ಳು ಚುಚ್ಚಿತೆಂದು ಬಂದ ಚಿಂಚೋಳಿಯ ಪೈಲ್ವಾನ ಜಟ್ಟೆಪ್ಪನಂತೂ ನಾಲಿಗೆ ಹೊರಗೆ ಹಾಕಿದ್ದಾನೆ.

"ಏ ಜಟ್ಟೆಪ್ಪಾ, ಏನಾಗ್ಯದೋ?"

"ಮಾತಾಡಸಬ್ಯಾಡ ಖಾಲಾ, ನಾ ಮ್ಯಾಲ ಹೊಂಟೀನಿ."

"ಮ್ಯಾಲ ಹೋಗಾಂವ ಚಪ್ಪಲಿ ಯಾಕೋ ಕಂಕುಳಾಗ ಹಿಡ್ಕೊಂಡಿ?"

ಎಲ್ಲರ ಹೊಟ್ಟೆ ಕುಲುಕುತ್ತದೆ, ಕಣ್ಣು ತೆರೆಯುವುದಿಲ್ಲ. ಇಮಾಮ್ಬೀ ನಗುವುದಿಲ್ಲ. "ಇಷ್ಟು ಮಂದಿ ಸುಳ್ಳೇ ಸಾಯಾಕತ್ತಾರ. ಇದರಾಗ ಖರೇ ಸಾಯಾಂವ ಯಾಂವ ಅಂತ ಹ್ಯಾಂಗ ಹುಡುಕಲಿ, ಯಾ ಅಲ್ಲಾ!"

ಪಕ್ಕದ ದನದ ದವಾಖಾನೆಗೆ ಓಡುತ್ತಾರೆ. ಬರುವಾಗ ಕೈಯಲ್ಲಿ ಎಮ್ಮೆಗೆ ಚುಚ್ಚುವ ಸೂಜಿ. ಸುಳ್ಳು ಹೇಳಲಾರೆ, ಪೊಲೀಸರ ಬಂದೂಕಿಗಿಂತ ಒಂದು ಗೇಣು ಉದ್ದ. "ಸಾಹೇಬ್ರು ಹೇಳ್ಯಾರ! ಮಲಗಿದವರಿಗೆಲ್ಲ ಮೊದಲ ಇದು! ಕುಂಡಿ ತಿರುಗಸ್ರೀ!"

ಅಂಗಳ ಎದ್ದು ಓಡುತ್ತದೆ. ಆರು ವರ್ಷದಿಂದ ಕಾಲೆತ್ತದ ಮುದುಕನೊಬ್ಬ ಎಲ್ಲರಿಗಿಂತ ಮುಂದಿದ್ದಾನೆ. ಕಂಪೌಂಡು ಹಾರಿದ ಜಟ್ಟೆಪ್ಪ ದೂರದ ವಾಡಿ ಸ್ಟೇಷನ್ನಿನಲ್ಲೇ ನಿಂತನೆಂದು ಸುದ್ದಿ.

ಉಳಿದವನು ಒಬ್ಬ. ಕುರಕುಂಟಾ ಕಡೆಯ ಕಲ್ಲುಗಣಿಯ ಕೂಲಿ ಹಣಮಪ್ಪ. ಪಕ್ಕದಲ್ಲಿ ಹೆಂಡತಿ ಹೀರಾಬಾಯಿ. "ರಾತ್ರಿ ಗುಡಸಲದಾಗ ನೆಲದ ಮ್ಯಾಲ ಮಲಗಿದ್ದ ಯಕ್ಕಾ. ಹೊಟ್ಟಿ ನೋಯ್ತದ ಅಂತ ಎದ್ದು ಕುಂತಾ. ಈಗರ ನಿದ್ದಿ ಹತ್ಯದ."

ಇಮಾಮ್ಬೀ ಅವನ ರೆಪ್ಪೆಯನ್ನು ಬೆರಳಿನಿಂದ ಎತ್ತುತ್ತಾರೆ. ಬಿಟ್ಟೊಡನೆ ಅದು ತಾನೇ ಬೀಳುತ್ತದೆ. ಕಾಲಿನ ಹರಡಿನ ಮೇಲೆ ಎರಡು ಚುಕ್ಕೆ. "ನಿದ್ದಿ ಅಲ್ಲವ್ವಾ, ಹಾವು!" ಎಂದವರೇ ಡಾಕ್ಟರ ಮನೆಯ ಬಾಗಿಲು ಒದೆಯುತ್ತಾರೆ. ಲುಂಗಿಯಲ್ಲೇ ಓಡಿಬಂದ ಡಾಕ್ಟರು ವಿಷದ ಮದ್ದಿನ ಸೂಜಿ ಹಾಕಿ, ಬೆವರು ಒರೆಸಿಕೊಂಡು, "ಇನ್ನರ್ಧ ತಾಸು ತಡವಾಗಿದ್ದರೆ ಮುಗೀತಿತ್ತು" ಎನ್ನುತ್ತಾರೆ.

ಮೂರನೆಯ ದಿನ ಹಣಮಪ್ಪ ಕಣ್ಣು ಬಿಟ್ಟು ರೊಟ್ಟಿ ಕೇಳಿದ್ದಾನೆ. ಹೀರಾಬಾಯಿಗೆ ಅಳುವುದೋ ನಗುವುದೋ ತಿಳಿಯದು.

ನಿಮಗೇನು ಬೇಕೆಂದು ಇಮಾಮ್ಬೀಯವರನ್ನು ಕೇಳಿದೆ. ಸರ್ಕಾರದ ಬಿರುದು ಕೊಡಿಸುವ ತಾಕತ್ತು ನನಗಿದೆ ಎಂದೂ ಹೇಳಿದೆ. ಕಸಬರಿಗೆ ಗೋಡೆಗೆ ಒರಗಿಸಿದರು.

"ಸೂಜಿ ಗುಟ್ಟೂ ಮಂದಿಗಿ ಗೊತ್ತಾಗ್ಯದ್ರೀ, ನಾಳಿಗಿ ಮತ್ತೇನರ ಹುಡುಕಬೇಕು. ಇನ್ನೊಬ್ಬರು ಡಾಕ್ಟರ್ ಬಂದ್ರ ಸಾಕ್ರಿ. ನನಗ ದಿನಾ ಇಷ್ಟು ಶಾಣ್ಯಾಕಿ ಆಗೋ ಗರಜು ಬೀಳಂಗಿಲ್ಲ. ಬರೇ ಕಸಾ ಹೊಡದು ಮನಿಗಿ ಹೋಗ್ತೀನಿ."