ಕಾಯಿಲೆಗಳ ಇಸ್ಪೀಟು

ಇಸ್ಪೀಟಿನಲ್ಲಿ ನಾನು ಇಂದಿನವರೆಗೆ ಒಮ್ಮೆಯೂ ಗೆದ್ದಿಲ್ಲ. ಆದರೆ ನನ್ನ ಕನ್ನಡದ ಮುಕ್ಕಾಲು ಪಾಲು ಇಸ್ಪೀಟಿನ ಜಮಖಾನದ ಮೇಲೆ ಕಲಿತದ್ದು. ಬೆಳೆದದ್ದು ದೆಹಲಿಯ ಲೋಧಿ ಕಾಲೋನಿಯಲ್ಲಿ. ಶಾಲೆಯಲ್ಲಿ ಹಿಂದಿ, ಇಂಗ್ಲಿಷು. ಚಳಿಗಾಲದ ಭಾನುವಾರ ಕ್ವಾರ್ಟರ್ಸಿನ ಮುಂದಿನ ಹುಲ್ಲಿಗೆ ಬಿಸಿಲು ಬಿದ್ದದ್ದೇ ತಡ, ಅಪ್ಪ ಮತ್ತು ಗೆಳೆಯರು ರಮ್ಮಿಗೆ ಕೂರುತ್ತಿದ್ದರು. ಅವರ ಗಾದೆ, ಕೊಂಕು, ಅಷ್ಟಿಷ್ಟು ಬೈಗುಳ ಎಲ್ಲವೂ ಕಿತ್ತಳೆ ಸಿಪ್ಪೆಯ ಘಮದ ಜೊತೆಯಲ್ಲೇ ನನ್ನೊಳಗೆ ಇಳಿದವು. ಈಗಲೂ ಯಾರಾದರೂ ಕಿತ್ತಳೆ ಸುಲಿದರೆ ಬಾಯಲ್ಲಿ ನೀರೂರುವ ಮೊದಲು ಒಂದು ಗಾದೆ ಊರುತ್ತದೆ.

ಎರಡು ಸಾವಿರದ ಇಸವಿಯ ನಂತರದ ಮೊದಲ ದಶಕದಲ್ಲಿ ನನಗೊಂದು ವಿಚಿತ್ರ ಕೆಲಸ ಸಿಕ್ಕಿತು. ಎರಡು ಕಾಯಿಲೆಗಳ ಅರ್ಥ ಒಂದಕ್ಕೊಂದು ಎಷ್ಟು ಹತ್ತಿರ ಎಂದು ಕಂಪ್ಯೂಟರಿನಿಂದ ಅಳೆಸುವುದು. ಅಪ್ಪ ಕೇಳಿಸಿಕೊಂಡು, "ಅಂದ್ರೆ ಕಾಯಿಲೆಗಳಿಗೆ ಜಾತಕ ಕೂಡಿಸ್ತೀಯ ಅನ್ನು" ಎಂದರು. ತೀರಾ ತಪ್ಪೇನಲ್ಲ. ವೈದ್ಯಕೀಯದ ಪದಗಳನ್ನೆಲ್ಲ ಪಂಡಿತರು ದೊಡ್ಡ ಮರದಂತೆ ಜೋಡಿಸಿಟ್ಟಿದ್ದಾರೆ. ಅದಕ್ಕೆ ಆಂಟಾಲಜಿ ಎಂದು ಹೆಸರು. ಶ್ವಾಸಕೋಶದ ಕೊಂಬೆಯಲ್ಲಿ ನ್ಯುಮೋನಿಯಾ, ಪಕ್ಕದ ರೆಂಬೆಯಲ್ಲಿ ದಮ್ಮು. ಎರಡರಿಂದಲೂ ಕೆಳಗಿಳಿಯುತ್ತ ಬಂದು ಆ ದಾರಿಗಳು ಎಲ್ಲಿ ಕೂಡುತ್ತವೋ ನೋಡಬೇಕು. ಬೇಗ ಕೂಡಿದರೆ ಅರ್ಥ ಹತ್ತಿರ, ಬುಡದವರೆಗೂ ಇಳಿಯಬೇಕಾದರೆ ದೂರ.

ಯಂತ್ರದ ಲೆಕ್ಕವನ್ನು ಒರೆಗೆ ಹಚ್ಚಲು ಒಬ್ಬ ವೈದ್ಯರು ಬೇಕಿತ್ತು. ನಾನು ಹಿಡಿದದ್ದು ಪಕ್ಕದ ಬ್ಲಾಕಿನಲ್ಲಿ ಮಗಳ ಮನೆಯಲ್ಲಿದ್ದ ಪೂವಯ್ಯ ಅಂಕಲ್ ಅವರನ್ನು. ಕೊಡಗಿನವರು, ಸೈನ್ಯದಲ್ಲಿ ಡಾಕ್ಟರಾಗಿದ್ದು ಮೇಜರಾಗಿ ನಿವೃತ್ತರಾದವರು, ಅಪ್ಪನ ಖಾಯಂ ಎದುರಾಳಿ. ಕಾಲೋನಿಗೆಲ್ಲ ಪಥ್ಯ ಹೇಳುತ್ತಿದ್ದ ಅವರು ತಮ್ಮದೇ ಸಕ್ಕರೆ ಕಾಯಿಲೆಯ ಮಾತೆತ್ತಿದರೆ ಮಾತ್ರ ಕಿವುಡಾಗುತ್ತಿದ್ದರು. ಆ ಚಳಿಗಾಲದಲ್ಲೊಮ್ಮೆ ಒಂದು ಚಪ್ಪಲಿ ಕಳಚಿ ಹುಲ್ಲಿನಲ್ಲೇ ಉಳಿದದ್ದು ತಿಳಿಯದೆ ಮನೆಯವರೆಗೂ ನಡೆದುಬಿಟ್ಟಿದ್ದರು. ಪಾದ ಯಾರಿಗಾದರೂ ತೋರಿಸಿ ಎಂದು ಹೆಂಡತಿ ತಂಗಮ್ಮ ಆಂಟಿ ಅಂಗಲಾಚಿದಾಗಲೆಲ್ಲ ಒಂದೇ ಉತ್ತರ: ಡಾಕ್ಟರ್ ನಾನೋ ನೀನೋ?

ಒಂದು ಭಾನುವಾರ ಅಪ್ಪನ ಎದುರಿಗೇ, ಕಾಯಿಲೆಗಳ ಹೆಸರು ಬರೆದ ಚೀಟಿಗಳನ್ನು ಜಮಖಾನದ ಮೇಲೆ ಹರಡಿ, ಹತ್ತಿರದವನ್ನು ಒಟ್ಟಿಗಿಡಿ ಅಂಕಲ್ ಎಂದೆ. ಪಳಗಿದ ಕೈ ಸುಮ್ಮನಿದ್ದೀತೆ? ಎತ್ತಿ ಕಲಸಿ, ಬೀಸಣಿಗೆಯಂತೆ ಹಿಡಿದು ಕೂತರು. ಆಮೇಲೆ ಸಾಲಾಗಿ ಕೆಳಗಿಟ್ಟರು: ಸಕ್ಕರೆ ಕಾಯಿಲೆ, ಪಾದ ಮರಗಟ್ಟುವುದು, ಮಾಯದ ಹುಣ್ಣು, ಕಾಲು ಕತ್ತರಿಸುವುದು.

ನಾನು ತಕರಾರು ತೆಗೆದೆ. ಮೊದಲನೆಯದು ಗ್ರಂಥಿಗಳ ಕೊಂಬೆ, ಎರಡನೆಯದು ನರದ್ದು, ಮೂರನೆಯದು ಚರ್ಮದ್ದು. ನಾಲ್ಕನೆಯದಂತೂ ಕಾಯಿಲೆಯೇ ಅಲ್ಲ.

"ನಿನ್ನ ಮೆಷಿನ್‌ಗೆ ಸೆಟ್ ಒಂದೇ ಗೊತ್ತು ಬೇಟಾ," ಎಂದರು ಅಂಕಲ್. "ಮೂರು ಏಳು ಒಟ್ಟಿಗೆ ಸಿಕ್ರೆ ಖುಷಿ. ಕಾಯಿಲೆ ಬರೋದು ಸೀಕ್ವೆನ್ಸ್‌ನಲ್ಲಿ. ಐದು ಬಂತು ಅಂದ್ರೆ ಹಿಂದೇನೇ ಆರು, ಅದರ ಹಿಂದೆ ಏಳು."

ಹೋಲಿಕೆ ಬೇರೆ, ನಂಟು ಬೇರೆ ಎಂದು ಇದನ್ನೇ ವಿದ್ವಾಂಸರು ಪುಟಗಟ್ಟಲೆ ಬರೆದಿರುವುದನ್ನು ಆಮೇಲೆ ಓದಿದೆ. ಅವರಲ್ಲಿ ಯಾರಿಗೂ ರಮ್ಮಿ ಬರುತ್ತಿರಲಿಲ್ಲವೆಂದು ಕಾಣುತ್ತದೆ.

ಚಹಾ ತಂದಿದ್ದ ಆಂಟಿ ಹಿಂದೆಯೇ ನಿಂತು ಆ ಸಾಲನ್ನು ಓದುತ್ತಿದ್ದರು. ಟ್ರೇ ಕೆಳಗಿಟ್ಟರು. ಮನೆಯೊಳಗಿನ ಕೊಡವ ಭಾಷೆ ಬಿಟ್ಟು, ನಮಗೂ ತಿಳಿಯಲೆಂದೋ ಏನೋ, ಕನ್ನಡದಲ್ಲೇ ಮೆಲ್ಲಗೆ ಕೇಳಿದರು: "ಇದರಲ್ಲಿ ನೀವೀಗ ಯಾವ ಎಲೆ ಮೇಲಿದ್ದೀರಿ?"

ಎಲ್ಲಕ್ಕೂ ಒಂದು ಕೊಂಕು ಇಟ್ಟುಕೊಂಡಿರುತ್ತಿದ್ದ ಅಪ್ಪ ಕಿತ್ತಳೆಯ ನಾರು ಬಿಡಿಸುತ್ತ ಕೂತರು. ಅಂಕಲ್ ತಮ್ಮ ದಪ್ಪ ಉಣ್ಣೆಯ ಕಾಲುಚೀಲವನ್ನೊಮ್ಮೆ ನೋಡಿದರು. ಆಮೇಲೆ ಮೂರನೆಯ ಚೀಟಿಯ ಮೇಲೆ ಬೆರಳಿಟ್ಟರು.

"ಚಲೋ, ಏಳಿ," ಎಂದರು ಆಂಟಿ. "ನಾಲ್ಕನೇದು ಬರೋದರೊಳಗೆ ಏಳಿ."

ಅಪ್ಪ ಬರಿಗಾಲಲ್ಲೇ ಆಟೋ ಹಿಡಿಯಲು ಓಡಿದರು.

ಒಂದು ಕಿರುಬೆರಳು ಹೋಯಿತು, ಕಾಲು ಉಳಿಯಿತು. ಬೇಡದ ಎಲೆ ಎಸೆದು ಆಟ ಉಳಿಸಿಕೊಂಡೆ ಎಂದು ಅಂಕಲ್ ಬಹುಕಾಲ ಹೇಳಿಕೊಂಡು ತಿರುಗಿದರು. ನನ್ನ ಯಂತ್ರ ಮಾತ್ರ ಆ ಚೀಟಿಗಳು ದೂರದೂರದವೆಂದೇ ಕೊನೆಯವರೆಗೂ ಸಾಧಿಸಿತು.

ಈಗ ಆ ಹುಲ್ಲಿನ ಮೇಲೆ ಕಾರುಗಳು ನಿಲ್ಲುತ್ತವೆ. ಆಡುತ್ತಿದ್ದವರು ಒಬ್ಬರ ಹಿಂದೊಬ್ಬರು ಎದ್ದು ಹೋದರು. ಅಪ್ಪ ಮೈಸೂರಿನ ಗುಮಾಸ್ತ, ಅಂಕಲ್ ಕೊಡಗಿನ ಮೇಜರ್. ಇಬ್ಬರನ್ನೂ ನನ್ನ ಮರಕ್ಕೆ ಹತ್ತಿಸಿದ್ದರೆ ಯಂತ್ರ ಬುಡದವರೆಗೂ ಇಳಿದು ದೂರ ಎಂದೇ ಹೇಳುತ್ತಿತ್ತು. ಆದರೆ ಅಂಕಲ್ ಆಸ್ಪತ್ರೆಯಲ್ಲಿದ್ದಷ್ಟು ಭಾನುವಾರ ಅಪ್ಪ ಎಲೆ ಮುಟ್ಟಲಿಲ್ಲ. ಯಾಕಪ್ಪಾ ಎಂದು ಕೇಳಿದರೆ, "ಬಿಸಿಲೇ ಇಲ್ವಲ್ಲೋ" ಎಂದರು.

ಹೊರಗೆ ಬೆನ್ನು ಸುಡುವಷ್ಟು ಬಿಸಿಲಿತ್ತು.