ಎರಡನೇ ತಾರೀಖಿನ ಮೇಣಬತ್ತಿ

ಇಚಲಕರಂಜಿಯಲ್ಲಿ ತಂಗಿಯ ಮನೆಯ ಕೆಳಗೆ ಮೊನ್ನೆ ಹುಡುಗರು ಹ್ಯಾಲೋವೀನ್ ಮಾಡಿದರು. ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆದು ಒಳಗೊಂದು ಮೇಣಬತ್ತಿ ಇಟ್ಟಿದ್ದರು. ಆಟ ಮುಗಿದು ಬತ್ತಿ ಊದಿದಾಗ ಎದ್ದ ಹೊಗೆಯ ವಾಸನೆಗೆ ಕೊಲ್ಹಾಪುರದ ಮಾವಶಿ ನೆನಪಾದರು...

ನಾವು ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಬಂದಾಗ ಅವರದು ಪಕ್ಕದ ಮನೆ. ಸಂಬಂಧವೇನಿಲ್ಲ, ಚಿಕ್ಕಮ್ಮ ಎನ್ನುವ ಹಾಗೆ ಮರಾಠಿಯಲ್ಲಿ ಮಾವಶಿ ಎಂದು ಕರೆಯುವುದು ಅಲ್ಲಿಯ ರೂಢಿ. ಅವರು ಹುಟ್ಟಿದ್ದು ಪ್ರಾಟೆಸ್ಟಂಟ್ ಮನೆಯಲ್ಲಿ, ಮದುವೆಯಾದದ್ದು ಆಜರಾ ಕಡೆಯ ಕ್ಯಾಥೊಲಿಕರೊಬ್ಬರನ್ನು, ಅವರು ನಮಗೆ ಕಾಕಾ. ಭಾನುವಾರ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೊರಡುತ್ತಿದ್ದರು. ಕಾಕಾ ಹೆಂಡತಿಯನ್ನು ಅವರ ಚರ್ಚಿನ ಮುಂದೆ ಇಳಿಸಿ ತಮ್ಮ ಚರ್ಚಿಗೆ ಹೋಗುತ್ತಿದ್ದರು. ಜಗಳ ಕೇಳಿದ ನೆನಪಿಲ್ಲ.

ನವೆಂಬರ್ ಎರಡಕ್ಕೆ ಮಾತ್ರ ಕಾಕಾ ಒಬ್ಬರೇ ಹೋಗುತ್ತಿದ್ದರು, ತಮ್ಮವರ ಗೋರಿಗಳಿಗೆ ಮೇಣಬತ್ತಿ ಹಚ್ಚಿ ಪ್ರಾರ್ಥನೆ ಮಾಡಲು. ಸತ್ತವರು ದೇವರ ಕೈಯಲ್ಲಿದ್ದಾರೆ, ಅವರಿಗಾಗಿ ಬೇಡಬೇಕಾದ್ದೇನೂ ಇಲ್ಲ ಎಂದು ಮಾವಶಿಯ ತವರಿನಲ್ಲಿ ಕಲಿಸಿದ್ದರು.

ಒಮ್ಮೆ ಟಿವಿಯಲ್ಲಿ ನೋಡಿ ನಾನು, "ಮಾವಶಿ, ಹ್ಯಾಲೋವೀನ್ ಅಂದ್ರ ನಿಮ್ಮವರ ಭೂತದ ಹಬ್ಬ ಏನ್ರಿ?" ಎಂದು ಕೇಳಿದೆ.

ಅವರು ನಕ್ಕರು. "ಭೂತದ್ದಲ್ಲೋ. ಒಂದನೇ ತಾರೀಖ ಎಲ್ಲಾ ಸಂತರ ಹಬ್ಬ, ಅದರ ಹಿಂದಿನ ಸಂಜಿಗೆ ಆ ಹೆಸರು. ಮರುದಿನ ಸತ್ತವರದು, ನಿಮ್ಮ ಕಾಕಾ ಹೋಗ್ತಾರಲ್ಲ, ಅದು. ಭಾಳ ಹಿಂದ ಐರ್ಲೆಂಡದಾಗ ಸುಗ್ಗಿ ಮುಗದು ಚಳಿ ಬೀಳೂ ಹೊತ್ತಿಗೆ ಸತ್ತವರು ತಿರಿಗಿ ಬರ್ತಾರಂತ ಬೆಂಕಿ ಹಚ್ಚತಿದ್ರಂತ. ಅದೂ ಇದೂ ಹೆಂಗ ಕೂಡಿದ್ವೋ, ಯಾರಿಗೂ ನೆಟ್ಟಗ ಗೊತ್ತಿಲ್ಲ."

ಆ ಮೇಲೆ ಒಂದು ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ನವೆಂಬರ್ ಎರಡು ಬಂತು. ಮಾವಶಿ ಬೆಳಗಿನಿಂದ ಮೆಟ್ಟಿಲ ಮೇಲೆ ಕೂತಿದ್ದರು. ಎದ್ದು ಒಳಗೆ ಹೋಗುವುದು, ಮತ್ತೆ ಬಂದು ಕೂರುವುದು... ಸಂಜೆ ಅವ್ವನೇ ಹೋಗಿ ಮಾತಾಡಿಸಿದಳು. "ನಾವು ಲಿಂಗಾಯತರೂ ಮಣ್ಣ ಮಾಡವರರಿ. ಸಮಾಧಿಗೆ ಹೋಗಿ ಹೂವಾ ಏರಿಸಿ ಬರ್ತೀವಿ. ನಡೀರಿ, ನಾನೂ ಬರ್ತೀನಿ."

ನಾನೂ ಹೋದೆ. ಸುತ್ತಲಿನ ಗೋರಿಗಳ ಮೇಲೆಲ್ಲ ದೀಪ ಉರಿಯುತ್ತಿತ್ತು, ಕಾಕಾರದೊಂದೇ ಕತ್ತಲೆಯಲ್ಲಿತ್ತು. ಮಾವಶಿ ಬಹಳ ಹೊತ್ತು ನಿಂತರು. ಕೊನೆಗೆ ಸೆರಗಿನ ಮರೆಯಿಂದ ಮೇಣಬತ್ತಿ ತೆಗೆದರು, ಮನೆಯಿಂದಲೇ ತಂದಿದ್ದರು.

"ಪ್ರಾರ್ಥನಾ ಮಾಡಂಗಿಲ್ರಿ ನಾ," ಎಂದರು ಅವ್ವನಿಗೆ. "ಇವರಿಗೆ ಕತ್ತಲಿ ಸೇರತಿದ್ದಿಲ್ಲ. ಅದಕ್ಕ ಹಚ್ಚತೇನಿ, ಅಷ್ಟ."

ಗಾಳಿಗೆ ಆರಿತು. ಮತ್ತೆ ಹಚ್ಚಿ, ಉರಿದು ಮುಗಿಯುವವರೆಗೂ ಕೈ ಅಡ್ಡ ಹಿಡಿದು ಕೂತರು. ಮುಂದೆ ಪ್ರತಿ ವರ್ಷ ಹೋದರು, ಅವ್ವನ ಜೊತೆ.

ಈಗ ಮಾವಶಿಯೂ ಇಲ್ಲ, ಅವ್ವನೂ ಇಲ್ಲ. ಮಾವಶಿಯನ್ನು ಮಣ್ಣು ಮಾಡಿದ್ದು ಅವರ ತವರಿನವರ ಸ್ಮಶಾನದಲ್ಲಿ, ಊರಿನ ಇನ್ನೊಂದು ತುದಿಗೆ. ಅಲ್ಲಿ ನವೆಂಬರ್ ಎರಡಕ್ಕೆ ಯಾರೂ ಬತ್ತಿ ಹಚ್ಚುವುದಿಲ್ಲ. ಕಾಕಾರ ಗೋರಿಗೂ ಈಗ ಹಚ್ಚುವವರಿಲ್ಲ...