ಹಾರನ್ ಕೇಳುವವರೆಗೆ

ಲೊರೆಟಾ ಹ್ಯಾಡ್ಲಿ ಹೆದರುಪುಕ್ಕಲು ಸ್ವಭಾವದವರು ಎಂದು ನಮ್ಮ ಕ್ಯಾಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ಮೊದಲು ಹೇಳಿದವರೂ ಅವರೇ. ಜನ ಬೇಸಿಗೆಯಲ್ಲಿ ಗಾಡಿ ನಿಲ್ಲಿಸಿ ತಂಗುವ, ನೆವಾಡಾದ ವಿಲೋ ಕ್ರೀಕ್ ಕ್ಯಾಂಪಿಗೆ ಬಂದ ಸಂಜೆ ಅವರು ತಮ್ಮ ಟ್ರೇಲರ್ ಮನೆಯ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟು, ಆಮೇಲೂ ಅದರ ಸುತ್ತ ಹಲವು ಸಲ ಸುತ್ತಿ ನೋಡಿದರು. ಗ್ಯಾಸ್ ಸಿಲಿಂಡರಿನ ಹತ್ತಿರ ಬಗ್ಗಿ ಮೂಸಿದರು. ಎಲೆ ಅಲುಗದ ಸಂಜೆಯಲ್ಲೂ, ಗಾಳಿ ಬಂದರೆ ಹರಿದುಹೋಗುತ್ತದೆ ಎಂದು ಬಾಗಿಲ ಮುಂದಿನ ನೆರಳುಬಟ್ಟೆಯನ್ನು ಸುತ್ತಿಟ್ಟರು. ಪಕ್ಕದ ಜಾಗ ನಮ್ಮದು. ನಮ್ಮಮ್ಮ ನೋಡುತ್ತಿರುವುದು ಕಂಡು, "ನಾನಿರೋದೇ ಹೀಗೆ. ಹೆದರದೆ ಇದ್ದ ದಿನವೇ ಏನಾದ್ರೂ ಆಗುತ್ತೆ" ಅಂದರು.

ಅವರ ಗಂಡ ವೆಂಡೆಲ್ ಮಡಚುಕುರ್ಚಿಯಲ್ಲಿ ಕೂತು ನಗುತ್ತಿದ್ದರು. "ಇವಳು ಮದುವೆ ದಿನವೂ ಚರ್ಚಿನ ಚಾವಣಿ ನೋಡ್ತಾನೇ ನಿಂತಿದ್ದಳು, ಎಲ್ಲಿ ಬೀಳುತ್ತೋ ಅಂತ."

ಅದೇ ಮಾತನ್ನು ಅವರು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹೇಳಿದರು. ಊಟದ ಹೊತ್ತಿಗೆ ಇನ್ನೊಂದು ಸಲ ಹೇಳಿದರು. ಪ್ರತಿ ಸಲವೂ ಲೊರೆಟಾ ಮೊದಲ ಸಲ ಕೇಳಿದಂತೆ ನಕ್ಕರು. ನಮಗೆ ಆಗ ಅರ್ಥವಾಯಿತು.

ಲೊರೆಟಾ ಐಡಾಹೋದ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವೆಂಡೆಲ್ ಅದೇ ಜಿಲ್ಲೆಯ ಮಣ್ಣುರಸ್ತೆಗಳನ್ನು ಯಂತ್ರದಿಂದ ಹೆರೆದು ಸಮ ಮಾಡುವ ಕೆಲಸದಲ್ಲಿದ್ದರು. ಪ್ರತಿ ಬೇಸಿಗೆ ಇಬ್ಬರೂ ಟ್ರೇಲರ್ ಎಳೆದುಕೊಂಡು ಹೊರಡುತ್ತಿದ್ದರು. ಗಾಡಿ ಓಡಿಸುವುದು ವೆಂಡೆಲ್; ಪಕ್ಕದಲ್ಲಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂರುವುದು ಲೊರೆಟಾ. ಘಟ್ಟದ ಇಳಿಜಾರು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ವೆಂಡೆಲ್ ಅವರಿಗೆ ಮರೆವು ಶುರುವಾದ ಮೇಲೆ ಕಣ್ಣು ಮುಚ್ಚಿಕೊಳ್ಳುವಂತಿರಲಿಲ್ಲ. ಮುದಿ ವಯಸ್ಸಿನಲ್ಲಿ ಲೊರೆಟಾ ಪಿಕಪ್ ಓಡಿಸಲು ಕಲಿತರು, ಹಿಂದೆ ಟ್ರೇಲರ್ ಕಟ್ಟಿಕೊಂಡು ಘಟ್ಟ ಇಳಿಯಲೂ ಕಲಿತರು. ಕಲಿತರೇ ಹೊರತು ಹೆದರಿಕೆ ಹೋಗಲಿಲ್ಲ. ಸ್ಟೇರಿಂಗಿನ ಮೇಲೆ ತಮ್ಮ ಅಂಗೈ ಬೆವರು ಒಣಗಿದ್ದೇ ಇಲ್ಲ ಎಂದು ನನಗೆ ಹೇಳಿದ್ದರು.

ಪಿಕಪ್ಪಿನ ಕೀಲಿ ವೆಂಡೆಲ್ ಕೈಗೆ ಸಿಗಬಾರದೆಂದು ಒಲೆಯ ಕೆಳಗಿನ ಖಾನೆಯಲ್ಲಿ ಬಾಣಲೆಗಳ ಹಿಂದೆ ಬಚ್ಚಿಡುತ್ತಿದ್ದರು. ಆ ಕೀಲಿಯ ಮೇಲಿನ, ದೂರದಿಂದಲೇ ಗಾಡಿಯ ಹಾರನ್ ಹೊಡೆಸುವ ಕೆಂಪು ಗುಂಡಿಗೂ ಹೆದರುತ್ತಿದ್ದರು. ಒಂದು ಬೆಳಿಗ್ಗೆ ಬಾಣಲೆ ತೆಗೆಯುವಾಗ ಅದು ಒತ್ತಿಹೋಗಿ ಪಿಕಪ್ಪಿನ ಹಾರನ್ ಕಿರುಚತೊಡಗಿತು. ಕ್ಯಾಂಪಿನವರೆಲ್ಲ ಎದ್ದು ಹೊರಗೆ ಬಂದರು. ತೊರೆಯ ಬಳಿ ಕಲ್ಲು ಜೋಡಿಸುತ್ತ ಕೂತಿದ್ದ ವೆಂಡೆಲ್ ಮಾತ್ರ ಎದ್ದು, ಕೈ ಝಾಡಿಸಿಕೊಂಡು, ನೆಟ್ಟಗೆ ಟ್ರೇಲರಿಗೆ ಬಂದು ಕೂತರು. ಶಬ್ದಕ್ಕೆ ಬೆಚ್ಚಿದರೇನೋ ಎಂದು ಲೊರೆಟಾ ಅಂದುಕೊಂಡರು.

ಒಂದು ದಿನ ಬಿಟ್ಟು ಒಂದು ದಿನ ಇಬ್ಬರೂ ಟ್ರೇಲರನ್ನು ಕ್ಯಾಂಪಿನಲ್ಲೇ ಬಿಟ್ಟು, ಪಿಕಪ್ಪಿನಲ್ಲಿ ಯಾವುದಾದರೂ ಸಣ್ಣ ಊರಿಗೆ ಹೋಗಿ ಕತ್ತಲಾಗುವ ಮೊದಲು ಮರಳುತ್ತಿದ್ದರು. ಸುಮ್ಮನೆ ಕೂತರೆ ವೆಂಡೆಲ್‌ಗೆ ಚಡಪಡಿಕೆ. ರಸ್ತೆಗಿಳಿದರೆ ಸಮಾಧಾನ. ಹೆಂಡತಿಯ ಹೆಸರು ತಡವರಿಸುತ್ತಿದ್ದ ಮನುಷ್ಯ ಮಣ್ಣುರಸ್ತೆ ನೋಡಿದ ಕೂಡಲೇ, "ಇದನ್ನ ಹೆರೆದು ವರ್ಷ ಆಗಿದೆ, ಸೋಮಾರಿಗಳು" ಎಂದು ಬೈಯುತ್ತಿದ್ದರು. ಆ ಬೈಗುಳ ಕೇಳುವುದಕ್ಕೇ ಲೊರೆಟಾ ಘಟ್ಟ ಹತ್ತಿ ಇಳಿಯುತ್ತಿದ್ದರು.

ಬಾಯ್ಸಿ ನಗರದಲ್ಲಿದ್ದ ಮಗಳು ಕೇ ಇದಕ್ಕೆ ಒಪ್ಪಿರಲಿಲ್ಲ. ಅಪ್ಪನಿಗೆ ಅಲ್ಲಿನ ಆರೈಕೆಮನೆಯಲ್ಲಿ ಜಾಗ ನೋಡಿಟ್ಟಿದ್ದಳು. ಫೋನಿನಲ್ಲಿ ಅವಳು ಹೇಳಿದ್ದನ್ನು ಲೊರೆಟಾ ನಮ್ಮಮ್ಮನಿಗೆ ಹಾಗೇ ಒಪ್ಪಿಸಿದ್ದರು: "ಈ ಬೇಸಿಗೆ ಒಂದು. ಅಷ್ಟರಲ್ಲಿ ಅಪ್ಪ ಒಂದೇ ಒಂದು ಸಲ ಕಳೆದುಹೋದ್ರೂ ಸಾಕಮ್ಮ, ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಆಗಸ್ಟಿನಲ್ಲಿ ಅವರು ಬಾರ್ಟನ್ನಿಗೆ ಹೋದರು. ಈ ಕಡೆಯ ಊರುಗಳೆಲ್ಲ ದೂರದಿಂದ ಒಂದೇ ಥರ: ಅಗಲವಾದ ಒಂದು ಬೀದಿ, ಮುಚ್ಚಿದ ಸಿನಿಮಾ ಮಂದಿರ, ರೈಲು ಬರದ ರೈಲುನಿಲ್ದಾಣ, ಹಿಂದಿನ ಗುಡ್ಡದ ಮೇಲೆ ಕಲ್ಲು ಜೋಡಿಸಿ ಸುಣ್ಣ ಬಳಿದ, ಊರ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ. ಬಾರ್ಟನ್ನಿನ ಗುಡ್ಡದ ಮೇಲೆ ಬಿ ಇತ್ತು. ವೆಂಡೆಲ್ ಹುಟ್ಟಿದ ಊರು ಬೆಲ್ಫೋರ್ಡಿನ ಗುಡ್ಡದ ಮೇಲೂ ಅದೇ ಬಿ ಇತ್ತಂತೆ. ಆ ಊರು ಈಗಿಲ್ಲ. ತಾಮ್ರದ ಗಣಿ ಅಗಲವಾಗುತ್ತ ಬಂದು ಮೊದಲು ಬೀದಿಯನ್ನು, ಆಮೇಲೆ ಗುಡ್ಡವನ್ನೂ ನುಂಗಿತು. ಇಲ್ಲದ ಊರಿಗೆ ಯಾರೂ ಹೊರಟುಹೋಗಲಾರರು ಎಂದು ಲೊರೆಟಾ ಆ ಒಂದು ವಿಷಯಕ್ಕೆ ಹೆದರಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಮೈತೆ ಉರಿಯಾರ್ಟೆಯವರ ಬಾಸ್ಕ್ ಹೋಟೆಲಿಗೆ ಹೋದರು. ಹಿಂದೆ ಸ್ಪೇನಿನ ಬಾಸ್ಕ್ ನಾಡಿನಿಂದ ಬಂದ ಕುರಿಗಾಹಿಗಳು ತಂಗುತ್ತಿದ್ದ ಜಾಗ ಅದು. ಈಗಲೂ ಉದ್ದದ ಒಂದೇ ಮೇಜು. ಸೂಪು, ಹುರುಳಿಕಾಯಿ, ಕುರಿಮಾಂಸ ಎಲ್ಲ ದೊಡ್ಡ ಬೋಗುಣಿಗಳಲ್ಲಿ ಬಂದು ಕೈಯಿಂದ ಕೈಗೆ ಸಾಗುತ್ತವೆ. ಮೈತೆ ಎಪ್ಪತ್ತು ದಾಟಿದ, ಸೊಂಟ ನೋವಿನ, ಬಾಯಿ ಸುಮ್ಮನಿರದ ಹೆಂಗಸು. ವೆಂಡೆಲ್ ಕಿಟಕಿಯಿಂದ ಗುಡ್ಡ ನೋಡುತ್ತ, "ಅಕ್ಷರ ಯಾಕೆ ಇಷ್ಟು ಮಂಕಾಗಿದೆ?" ಎಂದು ಕೇಳಿದರು.

"ಬಳಿಯೋರು ಯಾರಪ್ಪ? ಸ್ಕೂಲು ಮುಚ್ಚಿ ಎಷ್ಟೋ ವರ್ಷ ಆಯ್ತು. ನನ್ನ ಸೊಂಟ ಹತ್ತುತ್ತಾ?" ಅಂದರು ಮೈತೆ.

ವೆಂಡೆಲ್ ಬೆಲ್ಫೋರ್ಡಿನ ಕತೆ ಶುರು ಮಾಡಿದರು. ಲೊರೆಟಾಗೆ ಅದು ಕೇಳಿ ಕೇಳಿ ಬಾಯಿಪಾಠವಾಗಿತ್ತು. ಮೇ ತಿಂಗಳಲ್ಲಿ ಒಂದು ಶನಿವಾರ ಹೈಸ್ಕೂಲಿನ ಹುಡುಗರೆಲ್ಲ ಸುಣ್ಣದ ಬಕೆಟ್ ಹೊತ್ತು ಗುಡ್ಡ ಹತ್ತುತ್ತಿದ್ದರು. ಮೇಲೆ ನಿಂತವರಿಗೆ ಅಕ್ಷರ ಕಾಣುವುದಿಲ್ಲ, ಬರೀ ಕಲ್ಲು ಕಾಣುತ್ತದೆ. ಆದ್ದರಿಂದ ಊರವರು ಕೆಳಗೆ ಕಾರುಗಳಲ್ಲಿ ಕೂತು ನೋಡುತ್ತಿದ್ದರು. ಅಕ್ಷರ ಪೂರ್ತಿ ಬೆಳ್ಳಗೆ ಕಂಡಾಗ ಹಾರನ್ ಹೊಡೆಯುತ್ತಿದ್ದರು. ಅದಕ್ಕೆ ಮೊದಲು ಇಳಿದು ಬಂದವನು ಮುಂದಿನ ವರ್ಷ ಒಬ್ಬನೇ ಬಳಿಯಬೇಕು.

"ನಮ್ಮಲ್ಲೂ ಹಾಗೇ. ನಾನು ನಮ್ಮಪ್ಪನ ಲಾರಿಯಲ್ಲಿ ಕೂತು ಹಾರನ್ ಒತ್ತಿದ್ದೀನಿ" ಎಂದರು ಮೈತೆ.

ಲೊರೆಟಾ ಕೈ ತೊಳೆಯಲು ಎದ್ದರು. ವಾಪಸು ಬಂದಾಗ ವೆಂಡೆಲ್ ಕುರ್ಚಿ ಖಾಲಿಯಿತ್ತು. ಕರವಸ್ತ್ರ ನೀಟಾಗಿ ಮಡಚಿ ತಟ್ಟೆಯ ಪಕ್ಕದಲ್ಲಿತ್ತು. ಟೊಪ್ಪಿಗೆ ಇರಲಿಲ್ಲ.

ಮೊದಲು ಪಿಕಪ್ಪಿನ ಬಳಿ ನೋಡಿದರು. ಆಮೇಲೆ ಹಳೇ ಸಾಮಾನಿನ ಅಂಗಡಿ, ಪೆಟ್ರೋಲ್ ಬಂಕು, ರೈಲುನಿಲ್ದಾಣದ ಜಗಲಿ. ಬೀದಿಯಲ್ಲಿ ಆಚೆಯಿಂದ ಈಚೆಗೆ ಒಂದು ನಾಯಿ ದಾಟಿತು, ಅಷ್ಟೆ. ಊರಿನ ಹಿಂದೆ ಹಳೆಯ ಗಣಿಬಾವಿಗಳಿವೆ. ಎಷ್ಟೋ ಬಾವಿಗಳ ಬಾಯಿಗೆ ಹಾಸಿದ ಹಲಗೆ ಕೊಳೆತಿದೆ. ಬರುವಾಗ ದಾರಿಯಲ್ಲಿ ಎಚ್ಚರಿಕೆಯ ಫಲಕ ಓದಿದ್ದರು. ಈಗ ಕಣ್ಣಿಗೆ ಬೇರೇನೂ ಬರಲಿಲ್ಲ, ಆ ಹಲಗೆಗಳೇ ಬಂದವು. ಪಶ್ಚಿಮದ ಆಕಾಶ ಶಾಯಿ ಚೆಲ್ಲಿದ ಹಾಗಿತ್ತು. ಆಗಸ್ಟಿನ ಮಧ್ಯಾಹ್ನದ ಮೋಡ ನಮ್ಮ ಕಡೆ ಮಳೆಗಿಂತ ಮೊದಲು ಮಿಂಚು ತರುತ್ತದೆ.

ಹೋಟೆಲಿಗೆ ಓಡಿ ಬಂದಾಗ ಮೈತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. "ನೋಡಮ್ಮ, ನನ್ನ ನೆಲ ಒರೆಸೋ ಬಕೆಟ್ ಕಾಣ್ತಿಲ್ಲ."

ಇಬ್ಬರೂ ಒಟ್ಟಿಗೆ ಗುಡ್ಡದ ಕಡೆ ತಿರುಗಿದರು. ಬೂದುಬಣ್ಣದ ಕಲ್ಲುಗಳ ನಡುವೆ ನೀಲಿ ಅಂಗಿಯ ಚುಕ್ಕೆಯೊಂದು ಬಗ್ಗಿ ಏಳುತ್ತಿತ್ತು.

ಊರಿನಲ್ಲಿ ಮೊಬೈಲ್ ಸಿಗ್ನಲ್ ಇರಲಿಲ್ಲ. ಮೈತೆ ಪೊಲೀಸರಿಗೆ ಫೋನ್ ಮಾಡಲು ಒಳಗೆ ಹೋದರು. ಅವರು ಬರುವುದು ದೂರದ ಜಿಲ್ಲಾಪಟ್ಟಣದಿಂದ. ಲೊರೆಟಾ ಗುಡ್ಡದ ಬುಡದ ನೀರಿನ ಟ್ಯಾಂಕಿನವರೆಗೆ ಪಿಕಪ್ ಓಡಿಸಿದರು, ರಸ್ತೆ ಅಲ್ಲಿಗೇ ಮುಗಿಯಿತು. ಅಭ್ಯಾಸಬಲದಿಂದ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹತ್ತತೊಡಗಿದರು.

ಎತ್ತರ ಎಂದರೆ ಅವರಿಗೆ ಏಣಿಯ ಎರಡನೇ ಮೆಟ್ಟಿಲೂ ಎತ್ತರವೇ. ಕಾಲಿಟ್ಟಲ್ಲೆಲ್ಲ ಸಡಿಲ ಕಲ್ಲು ಜಾರಿ ಕೆಳಗುರುಳುತ್ತಿತ್ತು. ಅದು ಎಲ್ಲಿ ನಿಂತಿತು ಎಂದು ತಿರುಗಿ ನೋಡಲಿಲ್ಲ. ಪೊದೆಯ ಬುಡ ಹಿಡಿದು, ಕೆಲವು ಕಡೆ ನಾಲ್ಕು ಕಾಲಿನಲ್ಲಿ ಹತ್ತಿದರು. ಮೊದಲ ಗುಡುಗು ದೂರದಲ್ಲಿ ಆಯಿತು. ಎರಡನೆಯದು ಅಷ್ಟು ದೂರವಿರಲಿಲ್ಲ.

ವೆಂಡೆಲ್ ಅಕ್ಷರದ ನಡುಪಟ್ಟಿಯ ಮೇಲೆ ಮಂಡಿಯೂರಿದ್ದರು. ಕಲ್ಲುಗಳ ನಡುವೆ ಬೆಳೆದ ಪೊದೆ ಕಿತ್ತು ರಾಶಿ ಹಾಕಿದ್ದರು. ದಾರಿಬದಿಯ ಬಿಳಿ ಚೌಳುಮಣ್ಣನ್ನು ಬಕೆಟ್ಟಿನಲ್ಲಿ ತಂದು ಕಲ್ಲಿನ ಮೇಲೆ ಸುರಿಯುತ್ತಿದ್ದರು, ಗಾಳಿ ಅದನ್ನು ಹಾಗೇ ಎತ್ತಿಕೊಂಡು ಹೋಗುತ್ತಿತ್ತು. ಕೈಗಳು ತರಚಿ ರಕ್ತ ಬಂದಿತ್ತು. ಹೆಂಡತಿಯನ್ನು ನೋಡಿ, "ನಿನ್ನ ಬಕೆಟ್ ಎಲ್ಲಿ?" ಅಂದರು.

ಸಿಡಿಲು ಬರುತ್ತಿದೆ, ಇಳಿಯೋಣ ಎಂದು ಲೊರೆಟಾ ಹೇಳಿದರು. ಕಾಫಿ ಕುಡಿದು ಮತ್ತೆ ಬರೋಣ ಎಂದರು. ಕೇ ಫೋನ್ ಮಾಡಿದ್ದಾಳೆ ಎಂದು ಸುಳ್ಳು ಹೇಳಿದರು. ತೋಳು ಹಿಡಿದು ಎಳೆದರು. ವೆಂಡೆಲ್ ಕೊಡವಿದ ರಭಸಕ್ಕೆ ಲೊರೆಟಾ ಕುಸಿದು ಕೂತರು. ಮದುವೆಯಾದಂದಿನಿಂದ ಅವರು ಹಾಗೆ ಮಾಡಿದ್ದು ಅದೇ ಮೊದಲು.

"ಇನ್ನೂ ಮುಗಿದಿಲ್ಲ ಹುಡುಗಿ. ಕೆಳಗಿನೋರು ಇನ್ನೂ ಏನೂ ಹೇಳಿಲ್ಲ" ಅಂದರು ವೆಂಡೆಲ್. ಸಿಟ್ಟಿನಿಂದಲ್ಲ, ಪರಿಚಯವಿಲ್ಲದವರಿಗೆ ತಿಳಿಹೇಳುವಂತೆ.

ಮಿಂಚು ಎದುರಿನ ಗುಡ್ಡದ ನೆತ್ತಿಗೆ ಇಳಿಯಿತು. ಲೊರೆಟಾಗೆ ತೋಳಿನ ರೋಮ ಎದ್ದು ನಿಂತದ್ದು ಕಾಣಿಸಿತು. ಕೂತಲ್ಲೇ ಜೇಬಿನಲ್ಲಿ ಕೀಲಿ ಚುಚ್ಚುತ್ತಿತ್ತು. ಆಗ ಅವರಿಗೆ ಕ್ಯಾಂಪಿನ ಆ ಬೆಳಿಗ್ಗೆ ನೆನಪಾಯಿತು, ತೊರೆಯ ಬಳಿಯಿಂದ ಕೈ ಝಾಡಿಸಿಕೊಂಡು ಎದ್ದು ಬಂದ ವೆಂಡೆಲ್ ನೆನಪಾದರು. ಕೆಂಪು ಗುಂಡಿ ಒತ್ತಿದರು. ಕೆಳಗೆ ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದ ಪಿಕಪ್ ಸುಮ್ಮನಿತ್ತು. ದೂರ ಹೆಚ್ಚಾಗಿತ್ತು.

ಇಳಿಯಬೇಕೆಂದರೆ ವೆಂಡೆಲ್‌ರನ್ನು ಒಬ್ಬರನ್ನೇ ಬಿಟ್ಟು ಹೋಗಬೇಕು. ತಾವು ಇಳಿಯುವಾಗ ಅವರಿಗೆ ಸಿಡಿಲು ಬಡಿದರೆ? ಗುಡ್ಡದ ಆಚೆ ಬದಿಗೆ ಇಳಿದು ಗಣಿಬಾವಿಗಳ ಕಡೆ ನಡೆದುಬಿಟ್ಟರೆ? ಈ ಕತೆಯನ್ನು ಲೊರೆಟಾ ನನಗೆ ಎರಡು ಸಲ ಹೇಳಿದ್ದಾರೆ. ಎರಡು ಸಲವೂ ಇಲ್ಲಿಗೆ ಬಂದಾಗ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡರು. "ಅವರಿಗೆ ಬೆನ್ನು ಮಾಡಿ ಹೊರಟೆ. ಅದಕ್ಕಿಂತ ದೊಡ್ಡ ಹೆದರಿಕೆ ನಾನು ಕಂಡಿಲ್ಲ, ಇನ್ನು ಕಾಣೋದೂ ಇಲ್ಲ" ಎಂದರು.

ಕೂತುಕೊಂಡೇ ಜಾರುತ್ತ ಇಳಿದರು. ಸ್ವಲ್ಪ ಇಳಿದು ಒತ್ತಿದರು, ಏನೂ ಆಗಲಿಲ್ಲ. ಮತ್ತೆ ಇಳಿದು ಒತ್ತಿದರು. ತಿರುಗಿ ನೋಡಿದರೆ ನೀಲಿ ಅಂಗಿ ಬಂಡೆಯ ಮರೆಗೆ ಹೋಗಿತ್ತು. ಮಳೆಯ ಮೊದಲ ಹನಿಗಳು ನಾಣ್ಯದಷ್ಟು ದಪ್ಪ ಬಿದ್ದವು. ಕೈ ಎತ್ತಿ, ಕೀಲಿಯನ್ನು ಪಿಕಪ್ಪಿನ ಕಡೆ ಚಾಚಿ ಒತ್ತಿದಾಗ ಅದರ ದೀಪಗಳು ಮಿಟುಕಿ ಹಾರನ್ ಕಿರುಚಿತು.

ಗಾಳಿ ಆ ಶಬ್ದವನ್ನು ಊರಿನ ಕಡೆಗೆ ಒಯ್ಯುತ್ತಿತ್ತು, ಗುಡ್ಡದ ಕಡೆಗಲ್ಲ. ಮೇಲೆ ಯಾವ ಚಲನೆಯೂ ಕಾಣಲಿಲ್ಲ. ಲೊರೆಟಾ ಒತ್ತುತ್ತಲೇ ಇದ್ದರು. ಅಷ್ಟರಲ್ಲಿ ಊರಿನ ಕಡೆಯಿಂದ ಇನ್ನೊಂದು ಹಾರನ್ ಉತ್ತರ ಕೊಟ್ಟಿತು. ಹಳೆಯ ಗಾಡಿಯ ದಪ್ಪ ದನಿ. ಮೈತೆ ತಮ್ಮ ಲಾರಿಯನ್ನು ಹೋಟೆಲಿನ ಮುಂದಕ್ಕೆ ತಂದು, ಸೊಂಟ ಹಿಡಿದುಕೊಂಡೇ ಒತ್ತುತ್ತಿದ್ದರು. ಪೆಟ್ರೋಲ್ ಬಂಕಿನವನಿಗೆ ಏನೂ ಗೊತ್ತಿರಲಿಲ್ಲ, ಆದರೂ ಅವನೂ ತನ್ನ ಗಾಡಿಯ ಹಾರನ್ ಒತ್ತಿದನಂತೆ. ಮೂರು ಹಾರನ್ನುಗಳು ಸೇರಿ ಗುಡ್ಡಕ್ಕೆ ಬಡಿದವು.

ಬಂಡೆಯ ಹಿಂದಿನಿಂದ ವೆಂಡೆಲ್ ಎದ್ದು ನಿಂತರು. ಊರಿನ ಕಡೆ ನೋಡಿದರು. ಕೈ ಝಾಡಿಸಿ, ಟೊಪ್ಪಿಗೆ ಸರಿಮಾಡಿಕೊಂಡು, ಬಕೆಟ್ ಎತ್ತಿಕೊಂಡು, ಪ್ರಾಯದ ಹುಡುಗನ ಹಾಗೆ ಕಲ್ಲಿಂದ ಕಲ್ಲಿಗೆ ಕಾಲಿಡುತ್ತ ಇಳಿದು ಬಂದರು. ಲೊರೆಟಾ ಕೈ ಚಾಚಿದಾಗ, "ಹೆದರಬೇಡ, ನಾನು ಹಿಡ್ಕೋತೀನಿ" ಎಂದು ಅವರೇ ಕೈ ಹಿಡಿದು ಇಳಿಸಿದರು. ಪಿಕಪ್ಪಿನ ಬಾಗಿಲು ಹಾಕುತ್ತಿದ್ದಂತೆ ಆಲಿಕಲ್ಲು ಸುರಿಯಿತು. ಆ ಗದ್ದಲದಲ್ಲಿ ಲೊರೆಟಾ ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ಪೊಲೀಸರು ಬೇಡ ಎಂದು ಮೈತೆ ಮತ್ತೆ ಫೋನ್ ಮಾಡಿದರು. ಕೇಗೆ ಆ ದಿನ ಯಾರೂ ಏನೂ ಹೇಳಲಿಲ್ಲ.

ಅಂದಿನಿಂದ ಕೀಲಿ ಒಲೆಯ ಖಾನೆಗೆ ಹೋಗಲಿಲ್ಲ, ಲೊರೆಟಾ ಅದನ್ನು ಕೊರಳಿಗೆ ಕಟ್ಟಿಕೊಂಡರು. ವೆಂಡೆಲ್ ತೊರೆಯಾಚೆ ನಡೆದರೆ, ಕಣ್ಣಿಗೆ ಬೀಳದಿದ್ದರೆ, ಹಾರನ್ ಮಾಡುತ್ತಿದ್ದರು. ವೆಂಡೆಲ್ ಎಲ್ಲಿದ್ದರೂ ಕೈ ಝಾಡಿಸಿಕೊಂಡು ಬರುತ್ತಿದ್ದರು. ಕ್ಯಾಂಪಿನಲ್ಲಿ ಯಾರೂ ಗದ್ದಲ ಎನ್ನಲಿಲ್ಲ. ಆದರೂ ಪ್ರತಿ ಸಲ ಹಾರನ್ ಆದ ಮೇಲೆ, ಪೊದೆಗಳ ನಡುವೆ ಅವರ ಟೊಪ್ಪಿಗೆ ಕಾಣುವವರೆಗೆ, ನಾವೆಲ್ಲ ಕೈಲಿದ್ದ ಕೆಲಸ ನಿಲ್ಲಿಸುತ್ತಿದ್ದೆವು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ವೆಂಡೆಲ್ ಎಲ್ಲಿಗೂ ಹೋಗಿರಲಿಲ್ಲ. ತೊರೆಯ ಈಚೆಗೆ, ನಮ್ಮೆಲ್ಲರ ಕಣ್ಣೆದುರೇ, ಕಲ್ಲಿನ ಮೇಲೆ ಕಲ್ಲಿಡುತ್ತ ಕೂತಿದ್ದರು. ಊಟ ಆರುತ್ತಿದೆ ಎಂದು ಲೊರೆಟಾ ಹಾರನ್ ಮಾಡಿದರು. ವೆಂಡೆಲ್ ತಲೆ ಎತ್ತಲಿಲ್ಲ. ಲೊರೆಟಾ ಇನ್ನೊಂದು ಸಲ ಒತ್ತಿದರು. ಹತ್ತಿರದ ಪೈನ್ ಮರದಿಂದ ಹಕ್ಕಿಗಳು ಎದ್ದು ಹೋದವು. ವೆಂಡೆಲ್ ಕೈಯಲ್ಲಿದ್ದ ಕಲ್ಲನ್ನು ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟು, ಇನ್ನೊಂದನ್ನು ಎತ್ತಿಕೊಂಡರು.

ಲೊರೆಟಾ ಮತ್ತೆ ಒತ್ತಲಿಲ್ಲ. ಕೊರಳಿನಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. ಊಟದ ತಟ್ಟೆಯನ್ನು ತೊರೆಯ ಬಳಿಗೆ ಒಯ್ದು ವೆಂಡೆಲ್ ಪಕ್ಕದಲ್ಲಿ ಕೂತು ತಿನ್ನಿಸಿದರು. ಆಮೇಲೆ ನಮ್ಮಮ್ಮನ ಹತ್ತಿರ ಬಂದು, ಸಿಗ್ನಲ್ ಸಿಗುವ ತಿರುವಿನವರೆಗೆ ತಮ್ಮನ್ನು ಕರೆದೊಯ್ಯಬಹುದೇ ಎಂದು ಕೇಳಿದರು. ಅಪ್ಪನನ್ನು ಕರೆದೊಯ್ಯಲು ಬಾ ಎಂದು ಕೇಗೆ ಫೋನ್ ಮಾಡಬೇಕಿತ್ತು. ಇವತ್ತು ಗಾಡಿ ಓಡಿಸುವುದು ತಮ್ಮಿಂದಾಗದು ಎಂದರು.